ಚೀನಾದವರ ಕೈಗೆ ಕಡ್ಡಿ ಬಂದದ್ದು ಅನ್ನಕ್ಕಲ್ಲ, ಸಾರಿಗೆ

ಪ್ರಶ್ನೆ: ಮಗಳು ಕೊರಿಯನ್ ಸೀರಿಯಲ್ ನೋಡಿ ನೋಡಿ ಸ್ಟೀಲ್ ಚಾಪ್‌ಸ್ಟಿಕ್ ತರಿಸಿಕೊಂಡಿದ್ದಾಳೆ. ಅದರಲ್ಲಿ ಅನ್ನದ ಒಂದು ಅಗುಳೂ ಬಾಯಿಗೆ ಹೋಗುತ್ತಿಲ್ಲ. ಚೀನಾ, ಜಪಾನಿನವರೂ ಅನ್ನ ಉಣ್ಣುವವರೇ, ನಾವೂ ಅನ್ನ ಉಣ್ಣುವವರೇ. ಅವರಿಗೆ ಈ ಕಡ್ಡಿ ಎಲ್ಲಿಂದ ಬಂತು? ನೆರೆಯಲ್ಲೇ ಇದ್ದ ನಮಗೆ ಯಾಕೆ ಬರಲಿಲ್ಲ? ಊಟದ ಜಾಗಕ್ಕೆ ಚಾಕು ತರಬೇಡಿ ಅಂತ ಕನ್‌ಫ್ಯೂಷಿಯಸ್ ಹೇಳಿದ್ದರಿಂದ ಕಡ್ಡಿ ಬಂತು ಎಂದು ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ?

ಉತ್ತರ: ಹಳೆಯ ಚೀನಾದಲ್ಲಿ ಅನ್ನಕ್ಕೆ ಚಾಪ್‌ಸ್ಟಿಕ್ ಬಳಸುತ್ತಲೇ ಇರಲಿಲ್ಲ. ಕೈಯಲ್ಲಿ ಉಣ್ಣುತ್ತಿದ್ದರು. ಹೌದು, ನಮ್ಮ ಹಾಗೇ.

ಇದು ಊಹೆಯ ಮಾತಲ್ಲ. ‘ಲಿ ಜಿ’ ಅಂತ ಚೀನಾದ ಒಂದು ಹಳೆಯ ಗ್ರಂಥ ಇದೆ. ನಡೆನುಡಿ, ಆಚಾರಗಳ ಪುಸ್ತಕ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತುಗಳು ಅದರಲ್ಲಿವೆ. ಪಂಕ್ತಿಯಲ್ಲಿ ಕೂತು ಉಣ್ಣುವಾಗ ಹೇಗಿರಬೇಕು ಅಂತ ಅದರಲ್ಲಿ ಉದ್ದಕ್ಕೆ ಹೇಳಿದ್ದಾರೆ. ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣುವಾಗ ಅನ್ನವನ್ನು ಉಂಡೆ ಕಟ್ಟಬೇಡ. ಕೈ ಉಜ್ಜಬೇಡ. ಕಚ್ಚಿದ ಮೀನನ್ನು ಮತ್ತೆ ಪಾತ್ರೆಗೆ ಹಾಕಬೇಡ. ನಾಯಿಗೆ ಮೂಳೆ ಎಸೆಯಬೇಡ. ನಮ್ಮ ಮನೆಯ ಹಿರಿಯರು ಮಕ್ಕಳನ್ನು ಗದರಿದ ಹಾಗೇ ಇದೆ, ಅಲ್ವಾ? ಅದೇ ಪುಸ್ತಕದಲ್ಲಿ ಇನ್ನೆರಡು ಮಾತುಗಳಿವೆ. ಬರಗಿನ ಅನ್ನಕ್ಕೆ ಕಡ್ಡಿ ಬಳಸಬೇಡ. ಸಾರಿನಲ್ಲಿ ಸೊಪ್ಪು ತರಕಾರಿ ಇದ್ದರೆ ಕಡ್ಡಿ ತೆಗೆದುಕೋ, ಇಲ್ಲದಿದ್ದರೆ ಬೇಡ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಮಾತುಗಳಲ್ಲೇ ಇದೆ. ಕೊತಕೊತ ಕುದಿಯುವ ಸಾರಿನಿಂದ ಒಂದು ಎಲೆಯನ್ನೋ ಒಂದು ಹೋಳನ್ನೋ ಹಿಡಿದು ಎತ್ತಬೇಕು. ಕೈ ಹಾಕಿದರೆ ಸುಡುತ್ತದೆ. ಚಮಚಕ್ಕೆ ಉದ್ದನೆಯ ಸೊಪ್ಪು ನಿಲ್ಲುವುದಿಲ್ಲ. ಆ ಕೆಲಸಕ್ಕೆ ಎರಡು ಕಡ್ಡಿ ಬಂದವು. ಅನ್ನಕ್ಕೆ ಕೈ, ಆಮೇಲೆ ಚಮಚ.

ಇಲ್ಲಿ ‘ಅನ್ನ’ ಎಂದಾಗ ಅಕ್ಕಿಯನ್ನು ಮಾತ್ರ ನೆನೆಸಿಕೊಳ್ಳಬೇಡಿ. ಹಳದಿ ನದಿಯ ದಂಡೆಯ ಉತ್ತರ ಚೀನಾದಲ್ಲಿ ಆಗ ಮುಖ್ಯ ಬೆಳೆ ನವಣೆ ಮತ್ತು ಬರಗು. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಇವತ್ತಿಗೂ ಇರುವ ಅದೇ ಸಿರಿಧಾನ್ಯಗಳು. ನವಣೆ ಅನ್ನ ಮಾಡಿದವರಿಗೆ ಗೊತ್ತು, ಅದು ಉದುರುದುರು. ಕಡ್ಡಿಯಲ್ಲಿ ಎತ್ತಲು ಹೋದರೆ ಅರ್ಧ ನೆಲದ ಮೇಲೆ. ಗಂಜಿ ಮಾಡಿಕೊಂಡರೆ ಚಮಚವೇ ಬೇಕು. ಲಿ ಜಿ ಬರೆದವರು ಸುಮ್ನೆ ಕಟ್ಟುಪಾಡು ಹಾಕಿರಲಿಲ್ಲ.

ಕಡ್ಡಿ ಎಷ್ಟು ಹಳೆಯದು? ಹೆನಾನ್ ಪ್ರಾಂತದ ಆನ್ಯಾಂಗ್ ಹತ್ತಿರ ‘ಯಿನ್ ಶು’ ಎಂಬ ಜಾಗ ಇದೆ. ಶಾಂಗ್ ರಾಜರ ಕೊನೆಯ ರಾಜಧಾನಿಯ ಅವಶೇಷ. ಅಲ್ಲಿನ ಗೋರಿಯಲ್ಲಿ ಕಂಚಿನ ಕಡ್ಡಿಗಳು ಸಿಕ್ಕಿವೆ. ಕಾಲ ಸುಮಾರು ಕ್ರಿ.ಪೂ. 1200. ಅವು ಊಟಕ್ಕಿಂತ ಅಡುಗೆಗೆ, ಬಡಿಸುವುದಕ್ಕೆ ಇದ್ದವು ಎನ್ನುವ ವಿದ್ವಾಂಸರೇ ಜಾಸ್ತಿ. ನನಗೂ ಅದೇ ಸರಿ ಅನ್ನಿಸುತ್ತದೆ. ಸಾಮಾನ್ಯರು ಬಳಸಿದ್ದು ಬಿದಿರು, ಮರದ ಕಡ್ಡಿಯೇ ಇರಬೇಕು. ಅವು ಮಣ್ಣಿನಲ್ಲಿ ಅಷ್ಟು ಕಾಲ ಉಳಿಯುವುದಿಲ್ಲ. ಇನ್ನು ಪುರಾಣದ ಕತೆಯೂ ಇದೆ. ಪ್ರವಾಹ ನಿಲ್ಲಿಸಲು ಹೊರಟ ರಾಜ ‘ಯು’ವಿಗೆ ಊಟ ಆರುವವರೆಗೆ ಕಾಯಲು ಪುರುಸೊತ್ತಿರಲಿಲ್ಲವಂತೆ. ಎರಡು ರೆಂಬೆ ಮುರಿದು ಬಿಸಿ ಮಾಂಸ ಎತ್ತಿ ತಿಂದನಂತೆ. ಕತೆ ಕತೆಯೇ. ಆದರೆ ಅಲ್ಲೂ ಕಡ್ಡಿ ಬಂದದ್ದು ಬಿಸಿಗೇ ಎನ್ನುವುದನ್ನು ಗಮನಿಸಿ.

ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. ಕ್ರಿ.ಪೂ. ಮೂರನೇ ಶತಮಾನದ ಹಾನ್ ಫೈ ಎಂಬ ಚಿಂತಕ ಹೇಳಿದ್ದು. ಶಾಂಗ್ ವಂಶದ ಕೊನೆಯ ರಾಜ ಝೌ ದಂತದ ಕಡ್ಡಿ ಮಾಡಿಸಿಕೊಂಡ. ಅದನ್ನು ಕೇಳಿ ಜಿ ಜ಼ಿ ಎಂಬ ಅವನ ಹಿರಿಯ ಬಂಧು ಬೆಚ್ಚಿದ. ದಂತದ ಕಡ್ಡಿ ಬಂದ ಮೇಲೆ ಮಣ್ಣಿನ ಬಟ್ಟಲು ಹಿಡಿಸುವುದಿಲ್ಲ, ಪಚ್ಚೆಯ ಬಟ್ಟಲು ಬೇಕು. ಆ ಬಟ್ಟಲಿಗೆ ಕಾಳು ಸೊಪ್ಪಿನ ಸಾರು ಹಾಕಿದರೆ ಚೆನ್ನಾಗಿರುವುದಿಲ್ಲ, ಅಪರೂಪದ ಮಾಂಸ ಬೇಕು. ಅದನ್ನು ಹುಲ್ಲಿನ ಮಾಡಿನ ಕೆಳಗೆ ಕೂತು ತಿನ್ನಲಾದೀತೇ? ರೇಷ್ಮೆ ಬೇಕು, ಉಪ್ಪರಿಗೆ ಬೇಕು. ಕೊನೆಗೆ ರಾಜ್ಯವೇ ಹೋಯಿತು ಅನ್ನುತ್ತಾನೆ ಹಾನ್ ಫೈ. ನಡೆದದ್ದೋ ಇಲ್ಲವೋ, ಅವನ ಕಾಲದ ಓದುಗರಿಗೆ ಊಟದ ಕಡ್ಡಿ ತೀರಾ ಪರಿಚಿತ ವಸ್ತುವಾಗಿತ್ತು ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಈಗ ವಾಟ್ಸಾಪ್‌ಗೆ ಬರೋಣ. ಕನ್‌ಫ್ಯೂಷಿಯಸ್ ಸಸ್ಯಾಹಾರಿಯಾಗಿದ್ದ, ಊಟದ ಮೇಜಿನಿಂದ ಚಾಕು ತೆಗೆಸಿದ, ಹಾಗಾಗಿ ಕಡ್ಡಿ ಬಂತು ಎಂಬುದು ಜಗತ್ತಿನಾದ್ಯಂತ ಓಡಾಡುವ ಮಾತು. ಅದಕ್ಕೆ ಆಧಾರ ಇಲ್ಲ. ಅವನು ಸಸ್ಯಾಹಾರಿಯೇ ಅಲ್ಲ. ಸರಿಯಾಗಿ ಕತ್ತರಿಸದ ಮಾಂಸವನ್ನು ತಿನ್ನುತ್ತಿರಲಿಲ್ಲ ಅಂತ ಅವನ ಶಿಷ್ಯರೇ ದಾಖಲಿಸಿದ್ದಾರೆ. ಒಮ್ಮೆ ಒಳ್ಳೆಯ ಸಂಗೀತ ಕೇಳಿ ಮೂರು ತಿಂಗಳು ಮಾಂಸದ ರುಚಿಯೇ ಮರೆತನಂತೆ. ಸಜ್ಜನರು ಅಡುಗೆಮನೆಯಿಂದ ದೂರ ಇರುತ್ತಾರೆ ಎಂದದ್ದು ಅವನ ನಂತರ ಬಂದ ಮೆನ್ಶಿಯಸ್. ಅದೂ ಪ್ರಾಣಿ ಕೊಲ್ಲುವುದನ್ನು ನೋಡಲಾಗದು ಎಂಬ ಅರ್ಥದಲ್ಲಿ. ಇವೆಲ್ಲ ಕಲಸಿಕೊಂಡು ಫಾರ್ವರ್ಡ್ ಆಗಿರಬೇಕು. ಹೇಗಿದ್ದರೂ ಕನ್‌ಫ್ಯೂಷಿಯಸ್ ತೀರಿಕೊಂಡದ್ದು ಕ್ರಿ.ಪೂ. 479ರಲ್ಲಿ. ಆನ್ಯಾಂಗ್‌ನ ಕಡ್ಡಿಗಳು ಅವನಿಗಿಂತ ಏಳು ಶತಮಾನ ಹಳೆಯವು.

ಸೌದೆ ಕಡಿಮೆಯಾಯಿತು, ಬೇಗ ಬೇಯಲಿ ಅಂತ ಚಿಕ್ಕದಾಗಿ ಹೆಚ್ಚಿದರು, ಚಾಕು ಬೇಡವಾಯಿತು ಎಂಬ ಇನ್ನೊಂದು ವಾದವೂ ಇದೆ. ಇದರಲ್ಲಿ ಒಂದಿಷ್ಟು ಹುರುಳಿರಬಹುದು. ಆದರೆ ಹೆಚ್ಚಿದ ಹೋಳನ್ನು ಕೈಯಲ್ಲೂ ತಿನ್ನಬಹುದಲ್ಲ. ಸೌದೆಯ ಲೆಕ್ಕವೊಂದೇ ಸಾಕಾಗುವುದಿಲ್ಲ.

ಅಡುಗೆಮನೆಯಲ್ಲೇ ಹೆಚ್ಚಿ ತರುವ ಪದ್ಧತಿ ಎಷ್ಟು ಬೇರೂರಿತ್ತು ಎನ್ನುವುದಕ್ಕೆ ಒಂದು ಪ್ರಸಂಗ ಹೇಳಬೇಕು. ಹಾನ್ ರಾಜವಂಶದ ಕಾಲದ್ದು. ಝೌ ಯಾಫು ಎಂಬ ಸೇನಾಪತಿ ಕ್ರಿ.ಪೂ. 154ರಲ್ಲಿ ಏಳು ಸಾಮಂತರ ದಂಗೆಯನ್ನು ಅಡಗಿಸಿ ದೊರೆ ಜಿಂಗ್‌ನ ಪಟ್ಟ ಉಳಿಸಿದವನು. ಆಮೇಲೆ ಇಬ್ಬರಿಗೂ ಮುನಿಸು ಬಂತು. ಒಂದು ದಿನ ದೊರೆ ಅವನನ್ನು ಅರಮನೆಗೆ ಊಟಕ್ಕೆ ಕರೆದ. ಮುಂದೆ ಇಟ್ಟದ್ದು ಒಂದೇ ಒಂದು ದೊಡ್ಡ ಮಾಂಸದ ತುಂಡು. ಹೆಚ್ಚಿಲ್ಲ. ಕಡ್ಡಿಯೂ ಇಟ್ಟಿಲ್ಲ. ಸೇನಾಪತಿಯ ಮುಖ ಬಿಗಿಯಿತು. ಬಡಿಸುವವರ ಕಡೆ ತಿರುಗಿ ಕಡ್ಡಿ ತರುವಂತೆ ಹೇಳಿದ. ದೊರೆ ನಕ್ಕು, ಇಷ್ಟು ನಿನಗೆ ಸಾಲದೇ ಎಂದ. ಝೌ ಯಾಫು ಟೋಪಿ ತೆಗೆದು ಕ್ಷಮೆ ಕೇಳಿ ಹೊರನಡೆದ. ಮುಂದೆ ಪಟ್ಟಕ್ಕೆ ಬರುವ ಚಿಕ್ಕ ದೊರೆಯ, ಅಂದರೆ ತನ್ನ ಮಗನ, ಮಾತು ಇವನು ಕೇಳುವವನಲ್ಲ ಅಂತ ದೊರೆ ಅಂದುಕೊಂಡ. ಸ್ವಲ್ಪ ಕಾಲದಲ್ಲೇ ಸೇನಾಪತಿ ಸೆರೆಮನೆ ಸೇರಿ ಐದು ದಿನ ಉಪವಾಸ ಬಿದ್ದು ಸತ್ತ. ಎಲೆ ಹಾಕಿ ಅನ್ನ ಬಡಿಸದೆ ಕೂರಿಸಿದರೆ ನಮ್ಮಲ್ಲಿ ಎಷ್ಟು ಅವಮಾನವೋ, ಕಡ್ಡಿ ಇಡದಿರುವುದು ಅಲ್ಲಿ ಅಷ್ಟೇ ಅವಮಾನ.

ಅದೇ ಹಾನ್ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತು. ಬೀಸುವ ಕಲ್ಲು ಊರೂರಿಗೆ ಹರಡಿತು. ಗೋಧಿ ಹಿಟ್ಟಾಯಿತು. ಹಿಟ್ಟಿನಿಂದ ನೂಡಲ್ಸ್ ಬಂತು, ಹೂರಣ ತುಂಬಿದ ಡಂಪ್ಲಿಂಗ್ ಬಂತು. ಸಾರಿನಲ್ಲಿ ತೇಲುವ ಎಳೆಯನ್ನು ಹಿಡಿಯಲು ಕಡ್ಡಿಗಿಂತ ಒಳ್ಳೆಯ ಉಪಾಯ ಇಲ್ಲ. ಅಲ್ಲಿಂದ ಕಡ್ಡಿಯ ಪಾಲು ಹೆಚ್ಚಿತು. ಆದರೂ ಚಮಚ ಹೋಗಲಿಲ್ಲ. ಹಾನ್ ವಂಶ ಮುಗಿದು ಚೀನಾ ಮೂರು ರಾಜ್ಯಗಳಾಗಿ ಒಡೆದ ಕಾಲದ ಇತಿಹಾಸದಲ್ಲಿ ಲಿಯು ಬೈ ಎಂಬ ನಾಯಕ ಊಟಕ್ಕೆ ಕೂತಿದ್ದಾಗ, ಜಗತ್ತಿನಲ್ಲಿ ವೀರರೆಂದರೆ ನೀನು ಮತ್ತು ನಾನು ಇಬ್ಬರೇ ಎಂದು ಎದುರಾಳಿ ತ್ಸಾವೊ ತ್ಸಾವೊ ಹೇಳುತ್ತಾನೆ. ತನ್ನ ಗುಟ್ಟು ಬಯಲಾಯಿತೆಂದು ಲಿಯು ಬೈ ಬೆದರುತ್ತಾನೆ. ಕೈಯಿಂದ ಬಿದ್ದದ್ದು ಏನು? ಚಮಚ ಮತ್ತು ಕಡ್ಡಿ, ಎರಡೂ.

ಅನ್ನವೂ ಕಡ್ಡಿಯ ಪಾಲಿಗೆ ಬಂದದ್ದು ಇನ್ನೂ ತಡವಾಗಿ. ಅಕ್ಕಿ ಉಣ್ಣುವ ದಕ್ಷಿಣ ಚೀನಾದ ಜನಸಂಖ್ಯೆ, ಸಂಪತ್ತು ಬೆಳೆಯುತ್ತಾ ಹೋಯಿತು. 1012ರಲ್ಲಿ ಬರ ಬಂದಾಗ ಸಾಂಗ್ ವಂಶದ ದೊರೆ ಝೆನ್‌ಜೊಂಗ್ ಫುಜಿಯಾನ್‌ನಿಂದ ಚಂಪಾ ಭತ್ತದ ಬೀಜ ತರಿಸಿ ಯಾಂಗ್ಟ್ಸೆ ಸೀಮೆಯ ರೈತರಿಗೆ ಹಂಚಿಸಿದ. ಚಂಪಾ ಎಂದರೆ ಇಂದಿನ ಮಧ್ಯ ವಿಯೆಟ್ನಾಂ. ಬೇಗ ಕೊಯ್ಲಿಗೆ ಬರುವ, ನೀರಿನ ಕೊರತೆ ತಾಳುವ ಭತ್ತ ಅದು. ವರ್ಷಕ್ಕೆ ಎರಡು ಬೆಳೆ ತೆಗೆಯುವುದು ಸುಲಭವಾಯಿತು. ಅಕ್ಕಿ ಹೆಚ್ಚಿದ ಹಾಗೆ ನವಣೆ, ಬರಗು ಹಿಂದೆ ಸರಿದವು. ಮಿಂಗ್ ಕಾಲಕ್ಕೆ, ಅಂದರೆ 14ನೇ ಶತಮಾನದಿಂದ ಈಚೆಗೆ, ಚೀನಾದಲ್ಲಿ ಅನ್ನಕ್ಕೂ ಪಲ್ಯಕ್ಕೂ ಕಡ್ಡಿಯೇ. ಚಮಚ ಸಾರಿಗೆ ಸರಿಯಿತು. ಲಿ ಜಿ ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು!

ಅನ್ನ ಕಡ್ಡಿಗೆ ಸಿಗುವುದಕ್ಕೆ ಎರಡು ಕಾರಣ. ಒಂದು, ಅಲ್ಲಿನ ಅನ್ನ ಸ್ವಲ್ಪ ಅಂಟು. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಕಡಿಮೆ ಇದ್ದಷ್ಟೂ ಅಗುಳು ಅಗುಳಿಗೆ ಅಂಟುತ್ತದೆ. ಜಪಾನ್, ಕೊರಿಯಾದ ಗಿಡ್ಡ ಅಕ್ಕಿ ಮುದ್ದೆ ಮುದ್ದೆಯಾಗಿ ಏಳುತ್ತದೆ. ನಮ್ಮ ಸೋನಾ ಮಸೂರಿ ಹಾಗಲ್ಲ. ಅನ್ನ ಉದುರಾಗಿ ಬಂದರೆ ತಾನೇ ನಮಗೆ ಖುಷಿ? ಎರಡನೆಯದು ಕೈಚಳಕ. ಚೀನಾದವರು ತಟ್ಟೆಯಿಂದ ಅನ್ನ ಎತ್ತುವುದಿಲ್ಲ. ಬಟ್ಟಲನ್ನು ಎಡಗೈಯಲ್ಲಿ ತುಟಿಯ ಹತ್ತಿರ ತಂದು, ಕಡ್ಡಿಯಿಂದ ಅನ್ನವನ್ನು ಬಾಯಿಗೆ ತಳ್ಳುತ್ತಾರೆ.

ಹಿಡಿಯುವ ರೀತಿಯನ್ನೂ ಇಲ್ಲೇ ಹೇಳುತ್ತೇನೆ. ಕೆಳಗಿನ ಕಡ್ಡಿ ಅಲುಗಬಾರದು. ಅದರ ಹಿಂಭಾಗ ಹೆಬ್ಬೆರಳಿನ ಬುಡದ ಸಂದಿನಲ್ಲಿ ಕೂರಬೇಕು, ಮುಂಭಾಗ ಉಂಗುರ ಬೆರಳಿನ ಪಕ್ಕಕ್ಕೆ ಒರಗಬೇಕು. ಮೇಲಿನ ಕಡ್ಡಿಯನ್ನು ಪೆನ್ನಿನಂತೆ ಹೆಬ್ಬೆರಳು, ತೋರು ಬೆರಳು, ನಡು ಬೆರಳು ಸೇರಿ ಹಿಡಿಯುತ್ತವೆ. ಏಳುವುದೂ ಇಳಿಯುವುದೂ ಅದೊಂದೇ. ಹೊಸಬರು ಎರಡನ್ನೂ ಆಡಿಸಲು ಹೋಗುತ್ತಾರೆ. ಆಗ ತುದಿಗಳು ಕತ್ತರಿಯಂತೆ ಅಡ್ಡ ಹಾಯುತ್ತವೆ, ಹೋಳು ಜಾರುತ್ತದೆ.

ಇನ್ನು ನಿಮ್ಮ ಮಗಳ ಸಮಸ್ಯೆ. ಅವಳ ಕೈಯದೇನೂ ತಪ್ಪಿಲ್ಲ. ಕೊರಿಯಾದಲ್ಲಿ ಅನ್ನವನ್ನು ಸಾಮಾನ್ಯವಾಗಿ ಕಡ್ಡಿಯಲ್ಲಿ ಅಲ್ಲ, ಚಮಚದಲ್ಲಿ ಉಣ್ಣುತ್ತಾರೆ. ಸೀರಿಯಲ್‌ನ ಊಟದ ದೃಶ್ಯವನ್ನು ಇನ್ನೊಮ್ಮೆ ನೋಡಲು ಹೇಳಿ. ಅನ್ನಕ್ಕೂ ಸಾರಿಗೂ ಉದ್ದನೆಯ ಹಿಡಿಯ ಚಮಚ, ಕಿಮ್ಚಿ ಮತ್ತು ಪಲ್ಯಗಳಿಗೆ ಕಡ್ಡಿ. ಅಲ್ಲಿ ಬಟ್ಟಲನ್ನು ಕೈಗೆತ್ತಿ ಉಣ್ಣುವುದು ಅಸಭ್ಯ. ಹಾಗಾಗಿ ಚೀನಾದವರಂತೆ ತಳ್ಳಲೂ ಆಗುವುದಿಲ್ಲ. ಹಳೆಯ ಚೀನಾದ ಚಮಚ ಕಡ್ಡಿ ಜೋಡಿಯನ್ನು ಚೀನಾವೇ ಬಿಟ್ಟ ಮೇಲೂ ಕೊರಿಯಾ ಉಳಿಸಿಕೊಂಡಿತು. ಗೊಂಗ್ಜು ಊರಿನಲ್ಲಿ 1971ರಲ್ಲಿ ಬೆಕ್ಜೆ ಎಂಬ ಹಳೆಯ ಕೊರಿಯನ್ ರಾಜ್ಯದ ದೊರೆ ಮುರ್ಯೊಂಗ್‌ನ ಗೋರಿ ಸಿಕ್ಕಿತು. ಅವನು ಸತ್ತದ್ದು 523ರಲ್ಲಿ. ಗೋರಿಯಲ್ಲಿ ಕಂಚಿನ ಚಮಚವೂ ಇತ್ತು, ಕಡ್ಡಿಯೂ ಇತ್ತು. ಲೋಹದ ಚಾಳಿ ಅಷ್ಟು ಹಳೆಯದು. ಆಮೇಲೆ ಹಿತ್ತಾಳೆ, ಸಿರಿವಂತರಿಗೆ ಬೆಳ್ಳಿ, ಈಗ ಸ್ಟೇನ್‌ಲೆಸ್ ಸ್ಟೀಲ್. ಆದರೆ ಕಲಿಯುವವರಿಗೆ ಸ್ಟೀಲ್ ಅತಿ ಕಷ್ಟದ ಕಡ್ಡಿ. ಚಪ್ಪಟೆ, ತೆಳು, ಜಾರು. ಬಿದಿರಿನ ಒಂದು ಜೊತೆ ಕೊಡಿಸಿ, ನೂಡಲ್ಸ್‌ನಿಂದ ಶುರು ಮಾಡಲಿ.

ಜಪಾನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಮೂರನೇ ಶತಮಾನದ ಚೀನೀ ದಾಖಲೆ ಜಪಾನಿನವರು ಕೈಯಲ್ಲಿ ತಿನ್ನುತ್ತಾರೆ ಅನ್ನುತ್ತದೆ. 607ರಲ್ಲಿ ಓನೊ ನೊ ಇಮೊಕೊ ಎಂಬ ರಾಯಭಾರಿ ಚೀನಾದ ಸುಯ್ ಆಸ್ಥಾನಕ್ಕೆ ಹೋಗಿ ಬಂದ. ಆ ಹೋಗಿಬರುವ ದಿನಗಳಲ್ಲೇ ಅರಮನೆಯ ಔತಣಕ್ಕೆ ಕಡ್ಡಿ ಮತ್ತು ಚಮಚ ಬಂದವು ಎನ್ನುತ್ತಾರೆ. ಎಂಟನೇ ಶತಮಾನದ ನಾರಾ ಅರಮನೆಯ ನೆಲ ಅಗೆದಾಗ ಹಿನೋಕಿ ಮರದ ಕಡ್ಡಿಗಳು ಸಿಕ್ಕಿವೆ. ಆದರೆ ಚಮಚ ಅಲ್ಲಿ ನಿಲ್ಲಲಿಲ್ಲ. ಮರದ ಬಟ್ಟಲು ಕೈ ಸುಡುವುದಿಲ್ಲ, ಸಾರನ್ನು ತುಟಿಗಿಟ್ಟು ಕುಡಿದರಾಯಿತು. ಮೀನು ಹೆಚ್ಚು ತಿನ್ನುವ ನಾಡು, ಮುಳ್ಳು ಬಿಡಿಸಬೇಕು. ಹಾಗಾಗಿ ಜಪಾನಿನ ಕಡ್ಡಿ ಗಿಡ್ಡ, ತುದಿ ಚೂಪು. ಮನೆಯಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಜೊತೆ ಇರುತ್ತದೆ. ಮಗುವಿಗೆ ನೂರು ದಿನ ತುಂಬಿದಾಗ ನಮ್ಮ ಅನ್ನಪ್ರಾಶನದ ಹಾಗೆ ಒಂದು ಶಾಸ್ತ್ರ ಮಾಡಿ, ಕಡ್ಡಿಯಿಂದ ತುಟಿಗೆ ಅನ್ನ ಮುಟ್ಟಿಸುತ್ತಾರೆ.

ಸಾವಿನಲ್ಲೂ ಕಡ್ಡಿ ಇದೆ. ದಹನವಾದ ಮೇಲೆ ಬಂಧುಗಳು ಇಬ್ಬಿಬ್ಬರಾಗಿ ಕಡ್ಡಿ ಹಿಡಿದು ಅಸ್ಥಿ ಆರಿಸಿ ಕುಡಿಕೆಗೆ ತುಂಬುತ್ತಾರೆ. ಅದಕ್ಕೇ ಊಟದ ಹೊತ್ತಿನಲ್ಲಿ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು. ಅನ್ನದ ಮೇಲೆ ಕಡ್ಡಿ ನೆಟ್ಟಗೆ ಚುಚ್ಚಲೂಬಾರದು, ಅದು ಸತ್ತವರಿಗೆ ಇಡುವ ಎಡೆ. ಜಪಾನಿನ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಇವೆರಡನ್ನು ನೆನಪಿಟ್ಟುಕೊಂಡರೆ ಸಾಕು. ಹಿಡಿಯುವುದು ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಳಸಿ ಬಿಸಾಡುವ ಕಡ್ಡಿಯೂ ಜಪಾನಿನದೇ. ಎದೊ ಕಾಲದ (1603–1868) ತಿಂಡಿ ಅಂಗಡಿಗಳಲ್ಲಿ ಶುರುವಾದದ್ದು. ನಾರಾ ಹತ್ತಿರದ ಯೊಶಿನೊ ಎಂಬಲ್ಲಿ ಪೀಪಾಯಿ ಮಾಡಿ ಉಳಿದ ದೇವದಾರು ಜಾತಿಯ ಮರದ ಚೂರುಗಳಿಂದ ಕಡ್ಡಿ ಮಾಡುತ್ತಿದ್ದರು. ಈಗ ಹೆಚ್ಚಿನ ಪಾಲು ತಯಾರಾಗುವುದು ಚೀನಾದಲ್ಲಿ. ಮರ ಹಾಳಾಗುವುದನ್ನು ನೋಡಿ ಚೀನಾ ಸರ್ಕಾರ 2006ರಲ್ಲಿ ಅಂಥ ಕಡ್ಡಿಗಳ ಮೇಲೆ ಶೇ. 5 ತೆರಿಗೆ ಹಾಕಿತು.

ಉಳಿದ ಕಡೆಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ. ವಿಯೆಟ್ನಾಂ ಸಾವಿರ ವರ್ಷ ಚೀನಾದ ಆಳ್ವಿಕೆಯಲ್ಲಿತ್ತು, ಅಲ್ಲಿ ಎಲ್ಲಕ್ಕೂ ಕಡ್ಡಿ. ಮಂಗೋಲರು ಮಾಂಸದ ಚಾಕು ಮತ್ತು ಕಡ್ಡಿಗಳನ್ನು ಒಂದೇ ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಥಾಯ್ಲೆಂಡ್‌ನಲ್ಲಿ ನೂಡಲ್ಸ್‌ಗೆ ಮಾತ್ರ ಕಡ್ಡಿ, ಅನ್ನಕ್ಕೆ ಚಮಚ ಮತ್ತು ಫೋರ್ಕ್. ಪಕ್ಕದ ಲಾವೋಸ್‌ನಲ್ಲಿ ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ಅಂದರೆ ಕಡ್ಡಿಯೊಂದೇ ಊರೂರಿಗೆ ಹೋಗಲಿಲ್ಲ, ಅದು ಬೇಕಾಗುವ ಅಡುಗೆಯ ಜೊತೆ ಹೋಯಿತು. ನಮ್ಮ ಬೈಲಕುಪ್ಪೆಗೂ ಹಾಗೇ ಬಂದಿದೆ. ಅಲ್ಲಿನ ಟಿಬೆಟನ್ ಹೋಟೆಲ್‌ಗಳಲ್ಲಿ ಥುಕ್ಪಾ ಎಂಬ ನೂಡಲ್ಸ್ ಸಾರು ಕೇಳಿ ನೋಡಿ, ಬಟ್ಟಲಿನ ಜೊತೆ ಕಡ್ಡಿ ಬರುತ್ತದೆ.

ಹಾಗಾದರೆ ಹಳೆಯ ಕಾಲದಲ್ಲಿ ನಮಗೆ ಯಾಕೆ ಬರಲಿಲ್ಲ? ಚೀನಾದವರೇ ಇಲ್ಲಿಗೆ ಬಂದು ಇದನ್ನು ಗಮನಿಸಿದ್ದಾರೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸುಮಾರು 640ರ ಹೊತ್ತಿಗೆ ಕಂಡ ಹ್ಯೂಯೆನ್ ತ್ಸಾಂಗ್ ಇಂಡಿಯಾದ ಊಟದ ಬಗ್ಗೆ ಬರೆಯುತ್ತಾನೆ. ಊಟಕ್ಕೆ ಮುಂಚೆ ತೊಳೆದುಕೊಳ್ಳುತ್ತಾರೆ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿಕೊಂಡು ಬೆರಳುಗಳಲ್ಲಿ ತಿನ್ನುತ್ತಾರೆ, ಚಮಚವೂ ಇಲ್ಲ ಕಡ್ಡಿಯೂ ಇಲ್ಲ, ಕಾಯಿಲೆ ಬಂದರೆ ಮಾತ್ರ ತಾಮ್ರದ ಚಮಚ. ಅದೇ ಶತಮಾನದ ಕೊನೆಗೆ ಬಂದ ಇನ್ನೊಬ್ಬ ಚೀನೀ ಬೌದ್ಧ ಭಿಕ್ಷು ಇತ್ಸಿಂಗ್ ಇನ್ನೂ ಖಚಿತವಾಗಿ ಹೇಳುತ್ತಾನೆ. ಬಲಗೈ ಒಂದೇ ಸಾಧನ, ಕಡ್ಡಿಯ ಹೆಸರನ್ನೇ ಇಂಡಿಯಾದಲ್ಲಿ ಕೇಳಿಲ್ಲ.

ಕಲಸುವುದು. ನನ್ನ ಪ್ರಕಾರ ಕಾರಣ ಅದೇ. ಸಾರನ್ನು ಅನ್ನದ ಮೇಲೆ ಸುರಿದು ಕಲಸಿದ ಮೇಲೆ ಕಡ್ಡಿಗೆ ಕೆಲಸವೇ ಇಲ್ಲ. ಸಾರಿನ ಬಿಸಿ ಅನ್ನದಲ್ಲಿ ಆರುತ್ತದೆ, ಹೋಳು ಅನ್ನದ ಜೊತೆ ಬೆರಳಿಗೆ ಸಿಗುತ್ತದೆ. ಮುದ್ದೆ ಮುರಿದು ಸಾರಿಗೆ ಅದ್ದಲು, ರೊಟ್ಟಿ ಹರಿದು ಪಲ್ಯ ಹಿಡಿಯಲು ಕೈಯೇ ಬೇಕು.

ಇತ್ಸಿಂಗ್ ಇನ್ನೊಂದು ವಿಷಯಕ್ಕೆ ಪೂರ್ತಿ ತಲೆ ಕೆಡಿಸಿಕೊಂಡಿದ್ದ. ಎಂಜಲು. ಇಂಡಿಯಾದಲ್ಲಿ ಒಂದು ತುತ್ತು ತಿಂದರೂ ಉಳಿದದ್ದೆಲ್ಲ ಎಂಜಲು, ನಮ್ಮ ದೇಶದಲ್ಲಿ ಈ ಶುದ್ಧಿ ಇಲ್ಲ ಅಂತ ಮರುಗುತ್ತಾನೆ. ಆ ಕಾಲದ ಚೀನಾದಲ್ಲಿ ಇನ್ನೂ ಒಬ್ಬೊಬ್ಬರಿಗೆ ಬೇರೆ ಬೇರೆ ಹರಿವಾಣ ಇಟ್ಟು ಬಡಿಸುವುದು ಇತ್ತು. ಟಾಂಗ್, ಸಾಂಗ್ ವಂಶಗಳ ಕಾಲದಲ್ಲಿ, ಅಂದರೆ 7ರಿಂದ 13ನೇ ಶತಮಾನದೊಳಗೆ, ಎತ್ತರದ ಮೇಜು, ಕುರ್ಚಿ ಬಂದವು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ನಡುವಿನ ಪಾತ್ರೆಗಳಿಗೆ ಕೈಚಾಚುವ ರೂಢಿ ಬೆಳೆಯಿತು. ಚೀನಾದ ಕಡ್ಡಿ ಅಷ್ಟು ಉದ್ದ ಇರುವುದು ಅದಕ್ಕೇ. ಬಾಯಿಗೆ ಹೋದ ಕಡ್ಡಿಯೇ ಮತ್ತೆ ನಡುವಿನ ಪಾತ್ರೆಗೆ ಇಳಿಯುತ್ತದೆ.

ಇದನ್ನು ಚೀನಾದ ವೈದ್ಯರೇ ಮುಂದೆ ತಪ್ಪು ಎಂದರು. 1910–11ರಲ್ಲಿ ಮಂಚೂರಿಯಾದ ಪ್ಲೇಗ್ ಅನ್ನು ತಡೆದ ವೂ ಲಿಯೆನ್ ತೆ, ನಡುವೆ ತಿರುಗುವ ಹಲಗೆ ಇಟ್ಟು ಪ್ರತಿ ಪಾತ್ರೆಗೂ ಬಡಿಸುವ ಸೌಟು ಬೇರೆ ಇಡಿ ಎಂದು 1915ರಲ್ಲೇ ಸಲಹೆ ಕೊಟ್ಟ. ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 2003ರ ಸಾರ್ಸ್, ಆಮೇಲೆ 2020ರ ಕೋವಿಡ್ ಬಂದ ಮೇಲೆ ಸರ್ಕಾರವೇ ‘ಬಡಿಸುವ ಕಡ್ಡಿ ಬೇರೆ ಇರಲಿ’ ಅಂತ ಪ್ರಚಾರ ಮಾಡಿತು. ಈಗ ಅಲ್ಲಿನ ಎಷ್ಟೋ ದೊಡ್ಡ ಹೋಟೆಲ್‌ಗಳಲ್ಲಿ ಒಬ್ಬೊಬ್ಬರ ಮುಂದೆ ಎರಡು ಬಣ್ಣದ ಎರಡು ಜೊತೆ ಕಡ್ಡಿ ಇಡುತ್ತಾರೆ. ಒಂದು ಬಡಿಸಿಕೊಳ್ಳಲು, ಒಂದು ತಿನ್ನಲು. ಮಾತಿನ ಭರದಲ್ಲಿ ಯಾವುದು ಯಾವುದಕ್ಕೆ ಅಂತ ಅಲ್ಲಿಯವರಿಗೇ ಮರೆತುಹೋಗುತ್ತದೆ.